ಮೊದಲ ಸಲ ಮೈಕಿನ ಮುಂದೆ



ಬಚ್ಚಲುಮನೆಯಲ್ಲಿ ಹಾಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಒಗ್ಗರಣೆ ಹಾಕುತ್ತಾ ಗುನುಗುವವರಿದ್ದಾರೆ. ಸ್ಕೂಟರಿನ ಮೇಲೆ, ಹೆಲ್ಮೆಟ್ಟಿನೊಳಗೆ, ದೊಡ್ಡ ದನಿಯಲ್ಲಿ ಹಾಡಿಕೊಂಡು ಕೆಲಸಕ್ಕೆ ಹೋಗುವವರೂ ಇದ್ದಾರೆ. ಇವರಲ್ಲಿ ಕೆಲವರ ದನಿ ನಿಜಕ್ಕೂ ಚೆನ್ನಾಗಿರುತ್ತದೆ. ಮನೆಯವರಿಗೆ ಅದು ಗೊತ್ತು. ಪಕ್ಕದ ಮನೆಯವರಿಗೂ ಗೊತ್ತು. ಆದರೆ ನಾಲ್ಕು ಜನರ ಮುಂದೆ ಹಾಡಿ ಎಂದರೆ ಸಾಕು, "ಅಯ್ಯೋ, ನನ್ನ ಕೈಲಿ ಆಗಲ್ಲ, ಕೈಕಾಲು ನಡುಗುತ್ತೆ" ಎನ್ನುತ್ತಾರೆ. ಇವತ್ತಿನ ನನ್ನ ಮಾತು ಅವರಿಗಾಗಿ.

ನಮ್ಮ ಊರುಗಳಲ್ಲಿ, ಅದರಲ್ಲೂ ಬೆಂಗಳೂರಿನಲ್ಲಿ, ಓಪನ್ ಮೈಕ್ ಎಂಬ ಕಾರ್ಯಕ್ರಮಗಳು ಈಗ ಸಾಕಷ್ಟು ನಡೆಯುತ್ತವೆ. ಕೇಳಿರದವರಿಗಾಗಿ ಎರಡು ಮಾತು. ಒಂದು ಕಾಫಿ ಅಂಗಡಿ, ಇಲ್ಲವೇ ಪುಸ್ತಕದಂಗಡಿ. ಒಂದು ಮೂಲೆಯಲ್ಲಿ ಪುಟ್ಟ ಜಾಗ. ಅಲ್ಲೊಂದು ಮೈಕು, ಒಂದೆರಡು ಸ್ಪೀಕರು. ಬಾಗಿಲ ಹತ್ತಿರ ಯಾರೋ ಒಬ್ಬರು ಪಟ್ಟಿ ಹಿಡಿದು ಕೂತಿರುತ್ತಾರೆ. ಹೆಸರು ಬರೆಸಿದರೆ ನಿಮ್ಮ ಸರದಿ ಬರುತ್ತದೆ. ಐದು ನಿಮಿಷವೋ ಹತ್ತು ನಿಮಿಷವೋ ಆ ಮೈಕು ನಿಮ್ಮದು. ಒಬ್ಬರು ಕವಿತೆ ಓದುತ್ತಾರೆ, ಒಬ್ಬರು ಗಿಟಾರ್ ನುಡಿಸುತ್ತಾರೆ, ಇನ್ನೊಬ್ಬರು ನಗಿಸುತ್ತಾರೆ. ಕೋರಮಂಗಲದಲ್ಲಿ ಶುರುವಾದ ಅಟ್ಟಗಲಾಟದಂಥ ಪುಸ್ತಕದಂಗಡಿಗಳು ಇಂಥ ಸಂಜೆಗಳಿಗೆ ಜಾಗ ಕೊಟ್ಟಿವೆ. ಅದಕ್ಕೂ ಮುಂಚೆ, 1990ರ ದಶಕದಲ್ಲೇ, ಬೆಂಗಳೂರಿನ ಫ್ರೀಡಂ ಜ್ಯಾಮ್ ಹೊಸ ಹಾಡುಗಾರರನ್ನು ಬಯಲಿನಲ್ಲಿ ನಿಲ್ಲಿಸಿ ಹಾಡಿಸಿತ್ತು.

ಹೊರದೇಶದಲ್ಲಿ ಇದರ ಚರಿತ್ರೆ ಇನ್ನೂ ಹಿಂದಿನದು. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ಗರ್ಡೀಸ್ ಫೋಕ್ ಸಿಟಿ ಎಂಬ ಜಾಗವಿತ್ತು. ಅಲ್ಲಿ ಸೋಮವಾರ ರಾತ್ರಿ ಯಾರು ಬೇಕಾದರೂ ಹಾಡಬಹುದಿತ್ತು. 1961ರಲ್ಲಿ ಗಿಟಾರ್ ಹಿಡಿದು ಆ ಊರಿಗೆ ಬಂದಿಳಿದ 19 ವರ್ಷದ ಹುಡುಗನೊಬ್ಬ ಇಂಥ ಜಾಗಗಳಲ್ಲೇ ಹಾಡಿ ಪಳಗಿದ. ಆತ ಬಾಬ್ ಡಿಲನ್. 2016ರಲ್ಲಿ ಸಾಹಿತ್ಯದ ನೊಬೆಲ್ ಬಹುಮಾನ ಬಂದದ್ದು ಅವನಿಗೇ. ಅಮೆರಿಕದ ನ್ಯಾಶ್‌ವಿಲ್ ಊರಿನಲ್ಲಿ ಬ್ಲೂಬರ್ಡ್ ಕೆಫೆ ಎಂಬುದಿದೆ. 1982ರಲ್ಲಿ ಶುರುವಾದದ್ದು. ಸುಮಾರು 90 ಜನ ಕೂರುವಷ್ಟು ಚಿಕ್ಕ ಜಾಗ. ಅಲ್ಲೂ ಸೋಮವಾರ ಹೊಸಬರ ಸರದಿ. ಹಾಡು ನಡೆಯುವಾಗ ಯಾರಾದರೂ ಮಾತಾಡಿದರೆ "ಶ್" ಎಂದು ಸುಮ್ಮನಾಗಿಸುವುದು ಆ ಜಾಗದ ಹೆಸರುವಾಸಿ ಕ್ರಮ. ಆ ಕ್ರಮ ನನಗೆ ಬಹಳ ಇಷ್ಟ.

ಹಾಗೆಂದು ಇದು ಹೊರಗಿನಿಂದ ಬಂದ ಪದ್ಧತಿ, ನಮಗೆ ಒಗ್ಗುವುದಿಲ್ಲ ಎಂದುಕೊಳ್ಳಬೇಡಿ. ಶನಿವಾರದ ಭಜನೆಯನ್ನು ನೆನಪಿಸಿಕೊಳ್ಳಿ. ತಾಳ ಹಿಡಿದು ಕೂತವರೆಲ್ಲ ಸರದಿಯ ಮೇಲೆ ಒಂದೊಂದು ದೇವರನಾಮ ಎತ್ತಿಕೊಳ್ಳುತ್ತಾರೆ. ಅಲ್ಲಿ ಯಾರೂ ಯಾರ ಯೋಗ್ಯತೆಯನ್ನೂ ಅಳೆಯುವುದಿಲ್ಲ. ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ಮನೆಗೆ ಹೋದಾಗ, ಕುಂಕುಮ ಕೊಡುವ ಮೊದಲು, "ಒಂದು ಹಾಡು ಹೇಳಮ್ಮ" ಎನ್ನುವುದಿಲ್ಲವೇ? ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ನೆಲ ನೋಡುತ್ತಾ ಹಾಡಿದ ಎಷ್ಟೋ ಹುಡುಗಿಯರು ಈ ಭಾಷಣ ಕೇಳುತ್ತಿರಬಹುದು. ತಾಯಂದಿರೇ, ನಿಮ್ಮ ಮೊದಲ ಓಪನ್ ಮೈಕ್ ಅಂದೇ ಆಗಿಹೋಗಿದೆ. ಮೈಕು ಇರಲಿಲ್ಲ, ಅಷ್ಟೇ.

ಇನ್ನು ನಮ್ಮ ಆಕಾಶವಾಣಿಯ ಮಾತು. ಬಾನುಲಿಯಲ್ಲಿ ಹಾಡಬೇಕಾದರೆ ಧ್ವನಿಪರೀಕ್ಷೆ ಇದೆ. ಬಿ, ಬಿ-ಹೈ, ಎ, ಟಾಪ್ ಎಂದು ಶ್ರೇಣಿಗಳಿವೆ. ಅದು ಸರಿಯಾದದ್ದೇ. ವರ್ಷಗಟ್ಟಲೆ ಸಾಧನೆ ಮಾಡಿದವರನ್ನು ಗುರುತಿಸಲು ಅಂಥ ಅಳತೆ ಬೇಕು. ಆದರೆ ಸಾಧನೆಯ ಮೊದಲ ಮೆಟ್ಟಿಲಲ್ಲಿ ನಿಂತವರಿಗೂ ಒಂದು ಜಾಗ ಬೇಕಲ್ಲ? ಹಾಡು ಇನ್ನೂ ಪೂರ್ತಿ ಹದಕ್ಕೆ ಬಂದಿಲ್ಲ, ಆದರೂ ಹೊರಗಿನವರ ಕಿವಿಗೆ ಬೀಳಬೇಕು ಎಂದು ಆಸೆಪಡುವವರಿಗೆ ಓಪನ್ ಮೈಕ್ ಇದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಯಾರೂ ಆರಿಸದ, ಯಾರೂ ತಡೆಯದ ಒಂದು ವೇದಿಕೆ ಇದೆ. ಹೆಸರು ಬರೆಸಿದವರೆಲ್ಲ ಅಲ್ಲಿ ಹಾಡಬಹುದು. ಹಾಗಾದರೆ ಅಡ್ಡ ಬರುವುದು ಯಾವುದು? ಹೆದರಿಕೆ. ಈಗ ಅದರ ಬಗ್ಗೆ ಮಾತಾಡೋಣ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದೂ ಅದನ್ನೇ. ಹೆದರಿಕೆ ಹೋಗಲಿ, ಆಮೇಲೆ ಹಾಡುತ್ತೇನೆ ಎಂದು ಕಾಯಬೇಡಿ. ಅದು ಹೋಗುವುದಿಲ್ಲ. ಅದನ್ನು ಜೊತೆಗೇ ಕರೆದುಕೊಂಡು ಹೋಗಿ.

ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಪ್ಯಾಬ್ಲೊ ಕಸಾಲ್ಸ್ ಎಂಬ ಮಹಾನ್ ಚೆಲ್ಲೊ ವಾದಕರ ಹೆಸರು ನೀವು ಕೇಳಿರಬಹುದು. ಲೋಕವೇ ಕೊಂಡಾಡಿದ ಕಲಾವಿದ. ಕಛೇರಿಗೆ ಮೊದಲಿನ ಭಯ ಅವರನ್ನು ಜೀವಮಾನವಿಡೀ ಬಿಡಲಿಲ್ಲ. ಅಮೆರಿಕದ ಗಾಯಕಿ ಬಾರ್ಬ್ರಾ ಸ್ಟ್ರೈಸೆಂಡ್ 1967ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಭಾರೀ ಜನಸಮೂಹದ ಮುಂದೆ ಹಾಡುವಾಗ ಸಾಲು ಮರೆತರು. ಆ ಭಯ ಎಷ್ಟು ಆಳಕ್ಕಿಳಿಯಿತೆಂದರೆ, ಮುಂದೆ ಹಲವು ವರ್ಷ ಟಿಕೆಟ್ಟಿನ ಕಛೇರಿಗಳಿಂದ ಅವರು ದೂರವೇ ಉಳಿದರು. ಅಷ್ಟು ದೊಡ್ಡವರನ್ನೇ ಬಿಡದ ಭಯ ನಮ್ಮನ್ನು ಬಿಟ್ಟೀತೇ?

ಮೈಯೊಳಗೆ ಏನಾಗುತ್ತದೆ ನೋಡಿ. ನಿಮ್ಮ ಹೆಸರು ಕರೆಯುತ್ತಾರೆ. ರಕ್ತಕ್ಕೆ ಅಡ್ರಿನಲಿನ್ ಇಳಿಯುತ್ತದೆ. ಎದೆ ಡವಡವ ಎನ್ನುತ್ತದೆ. ಉಸಿರು ಮೇಲುಮೇಲಕ್ಕೆ ಆಡುತ್ತದೆ. ಬಾಯಿ ಒಣಗುತ್ತದೆ. ಬೆರಳು ತಣ್ಣಗಾಗಿ ನಡುಗುತ್ತದೆ. ಓಡುವುದಕ್ಕೋ ಹೊಡೆದಾಡುವುದಕ್ಕೋ ಮೈ ಸಜ್ಜಾಗುವ ಬಗೆ ಇದು. ಹುಮ್ಮಸ್ಸು ಉಕ್ಕಿದಾಗಲೂ ಮೈಯಲ್ಲಿ ಹೆಚ್ಚುಕಡಿಮೆ ಇವೇ ಲಕ್ಷಣಗಳು ಕಾಣುತ್ತವೆ.

2014ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ ಎಂಬ ಸಂಶೋಧಕಿ ಮಾಡಿದ್ದು. ನೂರಕ್ಕೂ ಹೆಚ್ಚು ಮಂದಿಯನ್ನು ಕರೆದು, ಅಪರಿಚಿತರ ಮುಂದೆ ಕ್ಯಾರಿಯೋಕೆಯಲ್ಲಿ ಒಂದು ಹಾಡು ಹಾಡಲು ಹೇಳಿದರು. ಹಾಡುವ ಮುನ್ನ ಕೆಲವರು "ನನಗೆ ಆತಂಕವಾಗುತ್ತಿದೆ" ಎಂದು ಬಾಯಿಬಿಟ್ಟು ಹೇಳಬೇಕು. ಕೆಲವರು "ನನಗೆ ಹುರುಪು ಬಂದಿದೆ" ಎನ್ನಬೇಕು. ಮತ್ತೆ ಕೆಲವರು ಏನೂ ಹೇಳದೆ ಹಾಡಬೇಕು. ಶ್ರುತಿ, ಲಯ ಎಷ್ಟು ಸರಿಯಾಗಿದೆ ಎಂದು ಕ್ಯಾರಿಯೋಕೆ ಯಂತ್ರವೇ ಅಂಕ ಕೊಟ್ಟಿತು. ಆತಂಕ ಎಂದವರಿಗೆ ನೂರಕ್ಕೆ ಸುಮಾರು 53. ಸುಮ್ಮನೆ ಹಾಡಿದವರಿಗೆ ಸುಮಾರು 70. ಹುರುಪು ಎಂದವರಿಗೆ ಸುಮಾರು 80. ಎದೆಬಡಿತವನ್ನೂ ಅಳೆದಿದ್ದರು. ಆ ಮಾತು ಹೇಳಿದ್ದರಿಂದ ಬಡಿತವೇನೂ ಇಳಿಯಲಿಲ್ಲ. ಅದನ್ನು ಕರೆದ ಹೆಸರು ಬದಲಾಗಿತ್ತು. ಆದ್ದರಿಂದ ಹಾಡುವ ಮುಂಚೆ ಯಾರಾದರೂ "ಸಮಾಧಾನ ಮಾಡ್ಕೊ, ಸಮಾಧಾನ ಮಾಡ್ಕೊ" ಎಂದರೆ ಅದನ್ನು ಹೆಚ್ಚು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮೈ ಸಮಾಧಾನವಾಗುವ ಹೊತ್ತು ಅದಲ್ಲ. "ನನಗೆ ಹುರುಪು ಬಂದಿದೆ" ಎಂದು ಗಟ್ಟಿಯಾಗಿ ಹೇಳಿಕೊಳ್ಳಿ.

ಇನ್ನೊಂದು ಸಮಾಚಾರ. ನಮ್ಮ ನಡುಕ ಎದುರಿಗಿರುವವರಿಗೆಲ್ಲ ಕಾಣುತ್ತಿದೆ ಎಂದು ನಮಗೆ ಅನ್ನಿಸುತ್ತದೆ. ನಾವು ಅಂದುಕೊಂಡಷ್ಟು ಅದು ಕಾಣುವುದಿಲ್ಲ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕರು ಇದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. "ನಿನ್ನ ಅಳುಕು ನೀನು ತಿಳಿದಷ್ಟು ಹೊರಗೆ ತೋರುವುದಿಲ್ಲ" ಎಂದು ಮೊದಲೇ ತಿಳಿಸಿದ ವಿದ್ಯಾರ್ಥಿಗಳು ಉಳಿದವರಿಗಿಂತ ಚೆನ್ನಾಗಿ ಭಾಷಣ ಮಾಡಿದರಂತೆ. ಈಗ ನಿಮಗೂ ತಿಳಿಸಿದ ಹಾಗಾಯಿತು.

ಹೆದರಿಕೆ ಬರುತ್ತದೆ, ಅದನ್ನು ಹುರುಪೆಂದು ಕರೆಯಿರಿ ಎಂದೆ. ಆದರೆ ಬರೀ ಕರೆದರೆ ಸಾಲದು. ಬರುವ ಭಯಕ್ಕೆ ಮೊದಲೇ ತಯಾರಾಗಬೇಕು. ಈಗ ತಯಾರಿಯ ವಿಷಯಕ್ಕೆ ಬರುತ್ತೇನೆ.

ಮೊದಲು ಹಾಡಿನ ಆಯ್ಕೆ. ನಿಮಗೆ ಬರುವ ಅತಿ ಕಷ್ಟದ ಹಾಡನ್ನು ಆರಿಸಬೇಡಿ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುವ ಹಾಡನ್ನು ಆರಿಸಿ. ನಾಲ್ಕು ನಿಮಿಷದೊಳಗೆ ಮುಗಿಯಲಿ. ಈ ವಿಷಯದಲ್ಲಿ ಕನ್ನಡದವರು ಭಾಗ್ಯವಂತರು. ನಮ್ಮ ಭಾವಗೀತೆಗಳು ಈ ಅಳತೆಗೆ ಹೇಳಿ ಮಾಡಿಸಿದಂತಿವೆ. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಇವರೆಲ್ಲ ಕವಿಗಳ ಪದ್ಯಗಳನ್ನು ಮನೆಮನೆಯ ಹಾಡು ಮಾಡಿದರು. ವಾದ್ಯಗೋಷ್ಠಿ ಇರಲಿ, ಇಲ್ಲದಿರಲಿ, ಆ ಹಾಡುಗಳು ನಿಲ್ಲುತ್ತವೆ. ಒಂದು ದನಿ, ಒಂದು ಶ್ರುತಿ ಇದ್ದರೆ ಸಾಕು.

ಶ್ರುತಿ ಎಂದೆನಲ್ಲ, ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಭಯದಲ್ಲಿ ಗಂಟಲು ಬಿಗಿಯುತ್ತದೆ. ಶ್ರುತಿ ಇಟ್ಟುಕೊಳ್ಳದೆ ಹಾಡಿದರೆ ಗೊತ್ತಿಲ್ಲದೆಯೇ ಎತ್ತರದಲ್ಲಿ ಶುರುವಾಗಿಬಿಡುತ್ತದೆ. ಪಲ್ಲವಿ ಹೇಗೋ ಸಾಗುತ್ತದೆ. ಚರಣ ಮೇಲಕ್ಕೆ ಹೋದಾಗ ದನಿ ಮುಟ್ಟುವುದಿಲ್ಲ. ಆಗ ಹಾಡೂ ಒಡೆಯುತ್ತದೆ, ಧೈರ್ಯವೂ ಒಡೆಯುತ್ತದೆ. ಇದಕ್ಕೆ ಮದ್ದು ಸುಲಭ. ಮೊಬೈಲಿನಲ್ಲಿ ತಂಬೂರದ ಆ್ಯಪ್ ಇಟ್ಟುಕೊಳ್ಳಿ, ಇಲ್ಲವೇ ಶ್ರುತಿಪೆಟ್ಟಿಗೆ ಒಯ್ಯಿರಿ. ಮನೆಯಲ್ಲಿ ಹಾಡುವ ಶ್ರುತಿಗಿಂತ ಅರ್ಧ ಮನೆ ಇಳಿಸಿಕೊಳ್ಳಿ. ಹಾರ್ಮೋನಿಯಂ ಬಲ್ಲವರಿಗೆ ಹೀಗೆ ಹೇಳಿದರೆ ಅರ್ಥವಾದೀತು. ಮನೆಯಲ್ಲಿ ಕಪ್ಪು ಎರಡರಲ್ಲಿ ಹಾಡುವವರು ಅಲ್ಲಿ ಬಿಳಿ ಎರಡಕ್ಕೆ ಇಳಿಯಿರಿ. ಕೇಳುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನಿಮ್ಮ ಗಂಟಲಿಗೆ ತಿಳಿಯುತ್ತದೆ.

ಎರಡನೆಯದು ಅಭ್ಯಾಸ. ಎಲ್ಲರೂ ಹಾಯಾಗಿ ಕೂತು, ಉಸಿರು ನಿಧಾನವಾಗಿರುವಾಗ ಅಭ್ಯಾಸ ಮಾಡುತ್ತೇವೆ. ವೇದಿಕೆಯ ಮೇಲೆ ಉಸಿರು ಹಾಗಿರುವುದಿಲ್ಲ. ಅದಕ್ಕೆ ಒಂದು ಉಪಾಯವಿದೆ. ಎರಡು ಮಹಡಿ ಮೆಟ್ಟಿಲನ್ನು ಬೇಗಬೇಗ ಹತ್ತಿ. ಏದುಸಿರು ಬರುತ್ತಿರುವಾಗಲೇ ನಿಂತು ಹಾಡಿ. ಸಾಲುಗಳ ನಡುವೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಆಗ ಗೊತ್ತಾಗುತ್ತದೆ. ಎದೆ ಹೊಡೆದುಕೊಂಡಾಗ ಹಾಡು ಓಡುತ್ತದೆ ಎಂಬುದೂ ಗೊತ್ತಾಗುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಕಾಲಿನ ಹೆಬ್ಬೆರಳಲ್ಲಿ ತಾಳ ಹಾಕಿ. ಅದು ಯಾರಿಗೂ ಕಾಣುವುದಿಲ್ಲ. ಹೃದ್ರೋಗ, ಮಂಡಿನೋವು ಇರುವವರಿಗೆ ಮಾತ್ರ ಈ ಮೆಟ್ಟಿಲಿನ ಉಪಾಯ ಬೇಡ.

ಮೂರನೆಯದು ಮರೆವು. ಸಾಮಾನ್ಯವಾಗಿ ಮರೆತುಹೋಗುವುದು ಸಾಲಿನ ನಡುವಿನ ಪದವಲ್ಲ, ಎರಡನೆಯ ಅಥವಾ ಮೂರನೆಯ ಚರಣದ ಮೊದಲ ಪದ. ಅದು ಸಿಕ್ಕರೆ ಉಳಿದದ್ದು ತಾನಾಗಿ ಬರುತ್ತದೆ. ಅದಕ್ಕಾಗಿ ಒಂದು ಸಣ್ಣ ಚೀಟಿಯಲ್ಲಿ ಚರಣಗಳ ಮೊದಲ ಪದವನ್ನಷ್ಟೇ ದಪ್ಪಕ್ಷರದಲ್ಲಿ ಬರೆದುಕೊಳ್ಳಿ. ಪೂರ್ತಿ ಹಾಡನ್ನು ಮೊಬೈಲಿನಲ್ಲಿ ನೋಡಿಕೊಂಡು ಹಾಡಬೇಡಿ. ಕಣ್ಣು ಪರದೆಗೆ ಅಂಟಿಕೊಂಡರೆ ಎದುರಿಗಿರುವವರು ನಿಮಗೆ ಇಲ್ಲವಾಗುತ್ತಾರೆ. ಆದರೂ ಮರೆತರೆ? ಪಲ್ಲವಿಗೆ ಹಿಂತಿರುಗಿ. ನಮ್ಮ ಹಾಡುಗಳ ಕಟ್ಟಡವೇ ಹಾಗಿದೆ. ಪ್ರತಿ ಚರಣದ ಕೊನೆಗೆ ಪಲ್ಲವಿ ಕಾದಿರುತ್ತದೆ. ಅದನ್ನು ಎರಡು ಸಲ ಹಾಡುವಷ್ಟರಲ್ಲಿ ಮರೆತ ಪದ ನಾಲಗೆಗೆ ಬಂದಿರುತ್ತದೆ. ಮರೆತದ್ದು ಕೇಳುಗರಿಗೆ ಗೊತ್ತೂ ಆಗುವುದಿಲ್ಲ.

ಹಾಡು ಆರಿಸಿದ್ದಾಯಿತು. ಶ್ರುತಿ ಇಳಿಸಿದ್ದಾಯಿತು. ಚೀಟಿ ಜೇಬಿನಲ್ಲಿದೆ. ಇನ್ನು ಉಳಿದದ್ದು ಮೈಕು. ಬಹಳ ಜನ ಇದರ ಬಗ್ಗೆ ಯೋಚನೆಯನ್ನೇ ಮಾಡಿರುವುದಿಲ್ಲ. ಆದರೆ ಅರ್ಧ ಭಯ ಈ ಒಂದು ಸಾಧನದಿಂದಲೇ ಬರುತ್ತದೆ.

ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ಅದೊಂದು ಕೆಫೆ. ಸುಮಾರು 30 ಜನ ಇದ್ದರು. ಆರಡಿ ಎತ್ತರದ ಯುವಕನೊಬ್ಬ ಗಿಟಾರ್ ನುಡಿಸಿ ಹಾಡಿ ಇಳಿದ. ಅವನಾದ ಮೇಲೆ ನಡುವಯಸ್ಸಿನ ಮಹಿಳೆಯೊಬ್ಬರು ಬಂದರು. ಗಿಡ್ಡ ಆಳು. ಮೊದಲ ಸಲ ಎಂದು ಹೇಳಿಕೊಂಡರು. ಮೈಕಿನ ಸ್ಟ್ಯಾಂಡು ಆ ಹುಡುಗನ ಎತ್ತರಕ್ಕೇ ಇತ್ತು. ಅದನ್ನು ತಗ್ಗಿಸಬಹುದು ಎಂದು ಅವರಿಗೆ ತೋಚಲಿಲ್ಲ, ಅಥವಾ ಮುಟ್ಟಲು ಸಂಕೋಚ. ಹಿಮ್ಮಡಿ ಎತ್ತಿ, ಗದ್ದ ಮೇಲೆ ಮಾಡಿ, ಕುತ್ತಿಗೆ ಚಾಚಿ ಹಾಡತೊಡಗಿದರು. ಕುತ್ತಿಗೆಯ ನರಗಳು ಬಿಗಿದಿದ್ದವು. ದನಿ ತೆಳ್ಳಗೆ, ಕಟ್ಟಿಕೊಂಡಂತೆ ಬರುತ್ತಿತ್ತು. ಪಲ್ಲವಿ ಮುಗಿಯಿತು. ಆಗ ಪಟ್ಟಿ ಹಿಡಿದಿದ್ದ ಹುಡುಗಿ ಎದ್ದು ಬಂದಳು. ಒಂದು ಮಾತೂ ಆಡದೆ ಸ್ಟ್ಯಾಂಡಿನ ತಿರುಪು ಸಡಿಲಿಸಿ ಒಂದು ಗೇಣು ತಗ್ಗಿಸಿ ಹೋದಳು. ಆ ತಾಯಿಯ ಹಿಮ್ಮಡಿ ನೆಲಕ್ಕೆ ಬಂತು. ಭುಜ ಇಳಿಯಿತು. ಮೊದಲ ಚರಣದಲ್ಲಿ ಅವರ ನಿಜವಾದ ದನಿ ಕೇಳಿಸಿತು. ತುಂಬಿದ ದನಿ. ಕಾಫಿ ಹಿಡಿದವರೆಲ್ಲ ಲೋಟ ಕೆಳಗಿಟ್ಟರು. ಅದೇ ಹಾಡು, ಅದೇ ಗಂಟಲು. ಬದಲಾಗಿದ್ದು ಮೈಕಿನ ಎತ್ತರ ಒಂದೇ.

ಹಾಗಾಗಿ ನನ್ನ ಮನವಿ. ಹೋದ ತಕ್ಷಣ ಹಾಡಬೇಡಿ. ಹತ್ತು ಸೆಕೆಂಡು ತೆಗೆದುಕೊಳ್ಳಿ. ಸ್ಟ್ಯಾಂಡನ್ನು ನಿಮ್ಮ ಬಾಯಿಯ ಎತ್ತರಕ್ಕೆ, ಸ್ವಲ್ಪ ಕೆಳಗೇ, ಇಟ್ಟುಕೊಳ್ಳಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಇಂಥ ಜಾಗಗಳಲ್ಲಿ ಹೆಚ್ಚಾಗಿ ಕಾಣುವುದು ತುದಿಯಲ್ಲಿ ಜಾಲರಿಯ ಗುಂಡು ಇರುವ, ಕೈಯಲ್ಲಿ ಹಿಡಿಯುವ ಮೈಕು. ಶ್ಯೂರ್ ಕಂಪನಿಯ ಎಸ್‌ಎಂ58 ಎಂಬ ಮಾದರಿ 1966ರಿಂದ ಬಳಕೆಯಲ್ಲಿದೆ. ಅದೇ ಬಗೆಯವು ಎಲ್ಲ ಕಡೆ ಇರುತ್ತವೆ. ಈ ಮೈಕು ಮುಂದಿನಿಂದ ಬರುವ ದನಿಯನ್ನು ಚೆನ್ನಾಗಿ ಹಿಡಿಯುತ್ತದೆ. ಹಿಂದಿನಿಂದ ಬರುವುದನ್ನು ಬಹುಪಾಲು ಬಿಟ್ಟುಬಿಡುತ್ತದೆ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಈ ಗುಣ ಕೆಡುತ್ತದೆ. ಆಗಲೇ ಕೀ ಎಂದು ಕಿವಿ ಹರಿಯುವ ಶಬ್ದ ಬರುವುದು. ಮೈಕನ್ನು ಸ್ಪೀಕರಿನ ಕಡೆಗೆ ತಿರುಗಿಸಿದರೂ ಅಷ್ಟೇ. ಹಿಡಿಯಲ್ಲೇ ಹಿಡಿಯಿರಿ. ತುಟಿಗೆ ತೀರ ಹತ್ತಿರ ತಂದರೆ ತಗ್ಗುದನಿ ಊದಿಕೊಂಡು ಪದಗಳು ಮಸುಕಾಗುತ್ತವೆ. ನಾಲ್ಕು ಬೆರಳಿನಷ್ಟು ದೂರ ಸಾಕು.

ಕನ್ನಡ ಹಾಡುವವರಿಗೆ ಇನ್ನೂ ಒಂದು ಎಚ್ಚರಿಕೆ. ನಮ್ಮ ಭ, ಫ, ಪ ಅಕ್ಷರಗಳು ಬಾಯಿಂದ ಗಾಳಿಯನ್ನು ನೇರ ಮೈಕಿಗೆ ಊದುತ್ತವೆ. ಸ್ಪೀಕರಿನಲ್ಲಿ ಧಪ್ ಎಂದು ಗುದ್ದಿದಂತೆ ಕೇಳುತ್ತದೆ. ಹಾಗೆಂದು ಭಾವವನ್ನು ಬಾವ ಮಾಡಬೇಡಿ. ಮೈಕನ್ನು ಸ್ವಲ್ಪ ಓರೆಯಾಗಿಡಿ. ಗಾಳಿ ಪಕ್ಕದಲ್ಲಿ ಹಾದುಹೋಗುತ್ತದೆ, ಮಹಾಪ್ರಾಣ ಉಳಿಯುತ್ತದೆ.

ಸ್ಪೀಕರಿನಲ್ಲಿ ನಿಮ್ಮ ದನಿ ನಿಮಗೇ ಬೇರೆಯವರದೆನಿಸುತ್ತದೆ. ದಿನವೂ ನಮ್ಮ ದನಿಯನ್ನು ನಾವು ಕಿವಿಯಿಂದ ಮಾತ್ರ ಕೇಳುವುದಿಲ್ಲ, ತಲೆಬುರುಡೆಯ ಮೂಳೆಗಳ ಮೂಲಕವೂ ಕೇಳುತ್ತೇವೆ. ಅದರಿಂದ ಒಳಗೆ ತುಂಬಿದಂತೆ ಕೇಳುತ್ತದೆ. ಹೊರಗಿನವರು ಕೇಳುವುದು ಗಾಳಿಯಲ್ಲಿ ಬಂದ ದನಿಯನ್ನಷ್ಟೇ. ಮೈಕಿನಲ್ಲಿ ಅದನ್ನು ಕೇಳಿದಾಗ "ಇದೇನು, ಇಷ್ಟು ತೆಳುವೇ ನನ್ನ ದನಿ?" ಎಂದು ಎದೆಗುಂದಬೇಡಿ. ನಿಮ್ಮ ಮನೆಯವರು ಮೆಚ್ಚಿಕೊಂಡಿರುವುದು ಆ ದನಿಯನ್ನೇ. ಮೊದಲೇ ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿ ಕೇಳಿಸಿಕೊಂಡರೆ ಆ ದಿಗಿಲು ವೇದಿಕೆಗೆ ಬರುವುದಿಲ್ಲ.

ಹೆದರಿಕೆ, ತಯಾರಿ, ಮೈಕು, ಮೂರೂ ಆಯಿತು. ಕಡೆಯದಾಗಿ ಭಾಷೆಯ ಮಾತು ಮತ್ತು ಕೇಳುವವರ ಮಾತು.

ಬೆಂಗಳೂರಿನ ಎಷ್ಟೋ ಓಪನ್ ಮೈಕ್‌ಗಳಲ್ಲಿ ಇಂಗ್ಲಿಷ್, ಹಿಂದಿ ಹಾಡುಗಳೇ ಹೆಚ್ಚು. "ಅಲ್ಲಿ ಕನ್ನಡ ಹಾಡು ಯಾರು ಕೇಳ್ತಾರೆ?" ಎಂದು ಕೇಳಿದವರಿದ್ದಾರೆ. ಕೇಳುತ್ತಾರೆ. ಕೇಳುವುದನ್ನು ನಾನು ನೋಡಿದ್ದೇನೆ. ಹಾಡುವ ಮೊದಲು ಕವಿ ಯಾರು, ರಾಗ ಹಾಕಿದವರು ಯಾರು, ಹಾಡು ಯಾವುದರ ಬಗ್ಗೆ ಎಂದು ಎರಡೇ ವಾಕ್ಯದಲ್ಲಿ ಹೇಳಿ. "ನನಗೆ ಸರಿಯಾಗಿ ಬರಲ್ಲ, ಗಂಟಲು ಸರಿಯಿಲ್ಲ, ಕ್ಷಮಿಸಿ" ಎಂದು ಪೀಠಿಕೆ ಹಾಕಬೇಡಿ. ಇರುವ ಹೊತ್ತೇ ಸ್ವಲ್ಪ. ಅದನ್ನು ಹಾಡಿಗೆ ಕೊಡಿ. ಬೇಂದ್ರೆ, ಕುವೆಂಪು, ಕೆ.ಎಸ್. ನರಸಿಂಹಸ್ವಾಮಿ ಬರೆದ ಭಾಷೆಯಲ್ಲಿ ಹಾಡುವಾಗ ತಲೆ ತಗ್ಗಿಸಿ ನಿಲ್ಲುವ ಅಗತ್ಯವಿಲ್ಲ.

ಹಾಡು ಮುಗಿದ ಕೂಡಲೇ ಬ್ಯಾಗು ಹಿಡಿದು ಹೊರಡಬೇಡಿ. ನಿಮ್ಮ ನಂತರ ಹಾಡುವವರಿಗೂ ಕೈಕಾಲು ನಡುಗುತ್ತಿರುತ್ತದೆ. ಕೊನೆಯ ಹೆಸರು ಕರೆಯುವವರೆಗೆ ಕೂತು ಕೇಳಿ.

ಹಾಡುವ ಆಸೆ ಇಲ್ಲದ ಕೇಳುಗರಿಗೂ ಒಂದು ಮಾತು. ನಿಮ್ಮ ಊರಿನಲ್ಲಿ ಇಂಥ ಸಂಜೆ ನಡೆದರೆ ಹೋಗಿ. ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಮಂಗಳೂರಿನಲ್ಲಿ, ಎಲ್ಲೇ ಇರಲಿ. ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ಮೊಬೈಲನ್ನು ಜೇಬಿನಲ್ಲಿಡಿ. ಗ್ರಂಥಾಲಯದಲ್ಲಿ, ಶಾಲೆಯ ಹಜಾರದಲ್ಲಿ, ಬಡಾವಣೆಯ ಸಂಘದ ಕೋಣೆಯಲ್ಲಿ ಜಾಗ ಕೊಡುವ ಅಧಿಕಾರ ನಿಮಗಿದ್ದರೆ, ತಿಂಗಳಿಗೆ ಒಂದು ಸಂಜೆ ಕೊಡಿ. ಒಂದು ಮೈಕು, ಒಂದು ಸ್ಪೀಕರು, ಇಪ್ಪತ್ತು ಕುರ್ಚಿ ಇದ್ದರೆ ಸಾಕು.

ಹಾಡುವ ಆಸೆ ಇರುವವರು ಈ ವಾರವೇ ಒಂದು ಹಾಡು ಆರಿಸಿ. ಶ್ರುತಿ ಅರ್ಧ ಮನೆ ಇಳಿಸಿ. ಹೋಗಿ, ಪಟ್ಟಿಯಲ್ಲಿ ಹೆಸರು ಬರೆಸಿ.